ಪ್ರೀತಿಯ ಜನಪದ ಹಾಡುಗಳಲ್ಲಿ ನಮ್ಮ ಸೀಮೆಯ ಗಿಡ, ಮಳೆ, ಹಳ್ಳ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ, ದಾವಣಗೆರೆ ಸೀಮೆಯ ಹಾಡುಗಳನ್ನು ಸಂಗ್ರಹಿಸುವ ವಿದ್ಯಾರ್ಥಿಗಳು, ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಮೇಷ್ಟ್ರುಗಳು, ಅಜ್ಜಿಯ ಪದಗಳನ್ನು ಉಳಿಸಿಕೊಳ್ಳಬೇಕು ಅನ್ನುವ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗೆ ಕೊಟ್ಟಿರುವ ತ್ರಿಪದಿ (ಮೂರು ಸಾಲಿನ ಪದ) ಛಂದಸ್ಸಿನ ಲೆಕ್ಕ ತೋರಿಸಲೆಂದೇ ಕಟ್ಟಿದ್ದು, ಯಾರ ಬಾಯಿಂದಲೂ ಬರೆದುಕೊಂಡದ್ದಲ್ಲ.

ನಮ್ಮ ಕಡೆ ಪ್ರೇಮಗೀತೆ ಅಂತಲೇ ಬೇರೆ ಹಾಡುಗಳಿವೆಯೇ?

ಆ ಹೆಸರಿನಲ್ಲಿ ಇಲ್ಲ. ಹಳ್ಳಿಗೆ ಹೋಗಿ "ಅಜ್ಜಿ, ಒಂದು ಪ್ರೇಮಗೀತೆ ಹಾಡಿ" ಎಂದರೆ ನಗು ಸಿಗುತ್ತದೆ, ಇಲ್ಲವೇ ಹಳೇ ಸಿನಿಮಾ ಹಾಡು ಸಿಗುತ್ತದೆ. ಜನ ಹಾಡನ್ನು ಕೆಲಸದಿಂದ, ಸಂದರ್ಭದಿಂದ ಕರೆಯುತ್ತಾರೆ: ಬೀಸೋ ಪದ, ಕುಟ್ಟೋ ಪದ, ಕಳೆ ಕೀಳೋ ಪದ, ಸೋಬಾನೆ ಪದ, ಕೋಲಾಟದ ಪದ, ಜೋಕುಮಾರನ ಪದ. ಪ್ರೀತಿ ಇವೆಲ್ಲದರೊಳಗೆ ಹಂಚಿಹೋಗಿದೆ. ರಾಗಿ ಬೀಸುತ್ತಾ ತವರು, ಅಣ್ಣ, ಅತ್ತೆಮನೆಯ ಸಂಕಟ ಹೇಳಿಕೊಳ್ಳುವ ನಡುವೆ ಮೂರೋ ನಾಲ್ಕೋ ತ್ರಿಪದಿ ಗಂಡನ ಮೇಲೆ ಬಂದು ಹೋಗುತ್ತವೆ. ಸೋಬಾನೆಯಲ್ಲಿ ಬೀಗರನ್ನು ಜರೆಯುವ ನೆಪದಲ್ಲಿ ಸರಸ ಬರುತ್ತದೆ. ಕೋಲಾಟದಲ್ಲಿ ಕೃಷ್ಣ, ಗೊಲ್ಲತಿಯರು ಅಡ್ಡ ನಿಲ್ಲುತ್ತಾರೆ.

ಆದ್ದರಿಂದ ಕೇಳುವಾಗ "ರಾಗಿ ಬೀಸೋವಾಗ ಏನ್ ಪದ ಹೇಳ್ತಿದ್ರಿ?" ಎಂದು ಕೇಳಿ. "ಹಾಡಿ" ಅನ್ನುವುದಕ್ಕಿಂತ "ಪದ ಹೇಳಿ" ಅನ್ನುವುದು ಈ ಸೀಮೆಯ ಮಾತು. ಅಷ್ಟರಿಂದಲೇ ಅರ್ಧ ಸಂಕೋಚ ಹೋಗುತ್ತದೆ.

ಹಾಡಿನಲ್ಲಿ ಪ್ರೀತಿ ಅನ್ನೋ ಮಾತೇ ಇರುವುದಿಲ್ಲವಲ್ಲ, ಮತ್ತೆ ಅದು ಪ್ರೀತಿಯ ಹಾಡು ಹೇಗೆ?

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಅನ್ನುವ ಪದ್ಧತಿಯಿಂದ ಶುರು ಮಾಡಿ. ಮದುವೆ, ಸೀಮಂತದಲ್ಲಿ ಹೆಣ್ಣುಮಕ್ಕಳನ್ನು ಬಾಗಿಲಲ್ಲಿ ತಡೆದು "ಹೆಸರು ಹೇಳು" ಎಂದರೆ ಅವರು ಒಗಟು ಹಾಕಿ, ಹೂವು ಹಣ್ಣು ಬಳಸಿ, ಕೊನೆಗೆ ಹೆಸರು ತರುತ್ತಾರೆ. ಹಾಡಿನ ಬುದ್ಧಿಯೂ ಅದೇ. ಹೆಸರಿನ ಜಾಗಕ್ಕೆ ರಾಯ, ನಲ್ಲ, ಮಾವ, ಅತ್ತೆ ಮಗ ಬರುತ್ತಾರೆ. ಸೋದರಿಕೆಯಲ್ಲಿ, ಅಂದರೆ ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಟ್ಟು ತರುವ ಸೀಮೆ ಇದು. ಹಾಗಾಗಿ "ಮಾವ" ಅಂದ ತಕ್ಷಣ ಗಂಡನ ಅಪ್ಪ ಎಂದು ತಿಳಿದರೆ ಇಡೀ ಹಾಡು ತಲೆಕೆಳಗಾಗುತ್ತದೆ. ಪಠ್ಯ ಬರೆದುಕೊಳ್ಳುವವರು ಅತಿ ಹೆಚ್ಚು ಎಡವುವ ಜಾಗ ಇದು.

ಆಸೆಯನ್ನು ಹೇಳುವ ಕೆಲಸ ಗಿಡಕ್ಕೆ, ಮಳೆಗೆ, ದಾರಿಗೆ ಬೀಳುತ್ತದೆ. ಹೊಲದ ಬದುವಿನಲ್ಲಿ ಯಾರದೋ ಹೆಜ್ಜೆ, ಬಾವಿ ಕಟ್ಟೆಯ ಮೇಲೆ ಮರೆತ ರುಮಾಲು, ಮೋಡ ಕಟ್ಟಿಯೂ ಬಾರದ ಮಳೆ. ಕೇಳುವವರಿಗೆ ಗೊತ್ತು, ಹೇಳುವವರಿಗೂ ಗೊತ್ತು. ಪಕ್ಕದಲ್ಲಿ ಕೂತ ಅತ್ತೆ "ಹೊಲದ ಹಾಡು" ಎಂದು ಕೇಳಿಸಿಕೊಂಡು ಸುಮ್ಮನಿರಬಹುದು. ಅವಳೂ ಒಂದು ಕಾಲಕ್ಕೆ ಅದೇ ಪದ ಹೇಳಿದವಳು!

ಸಂಪಿಗೆ, ಕೇದಿಗೆ ಚಳ್ಳಕೆರೆ ಹೊಲದಲ್ಲಿ ಎಲ್ಲಿ ಬೆಳೆಯುತ್ತವೆ? ಹಾಡಿನಲ್ಲಿ ಮಾತ್ರ ಯಾಕೆ ತುಂಬಿವೆ?

ಒಳ್ಳೆ ಪ್ರಶ್ನೆ. ಸಂಪಿಗೆ ತೇವ ಬೇಡುವ ಮರ. ಬಯಲುಸೀಮೆಯಲ್ಲಿ ಅದು ಗುಡಿಯ ಅಂಗಳದಲ್ಲೋ ತೋಟದಲ್ಲೋ ನೀರುಣಿಸಿದರೆ ಮಾತ್ರ. ಕೇದಿಗೆಗೆ ಹಳ್ಳದ ಅಂಚು ಬೇಕು. ಆದರೂ ಹಾಡಿನಲ್ಲಿ ಇವು ಬೇರು ಬಿಟ್ಟಿರುವುದಕ್ಕೆ ಒಂದು ಕಾರಣ ಛಂದಸ್ಸು. ಸಂ-ಪಿ-ಗೆ, ಮ-ಲ್ಲಿ-ಗೆ, ಕೇ-ದಿ-ಗೆ: ಮೂರೂ ಮೂರು ಅಂಶದ ಮಾತುಗಳು (ಅಂಶ ಅಂದರೆ ಪದ್ಯದಲ್ಲಿ ಅಕ್ಷರ ಎಣಿಸುವ ಅಳತೆ, ಲೆಕ್ಕ ಮುಂದೆ ಇದೆ). ತ್ರಿಪದಿಗೆ ಹೆಚ್ಚಾಗಿ ಬೇಕಾಗುವುದು ವಿಷ್ಣುಗಣ ಎಂಬ ಮೂರು ಅಂಶದ ಗುಂಪೇ. ಅಂದರೆ ಈ ಹೂಗಳು ಸಾಲಿನಲ್ಲಿ ತಯಾರು ಇಟ್ಟಿಗೆಯಂತೆ ಕೂರುತ್ತವೆ. ಹೊಂಗೆ, ಬೇವು, ಜಾಲಿ, ಬನ್ನಿ ಎರಡೇ ಅಂಶ. "ಹೊಂಗೆಯ", "ಜಾಲಿಯ" ಎಂದು ಪ್ರತ್ಯಯ ಹಚ್ಚಿದರೆ ಮಾತ್ರ ಆ ಜಾಗಕ್ಕೆ ಒಗ್ಗುತ್ತವೆ.

ಇನ್ನೊಂದು ಕಾರಣ ಹಾಡುಗಳ ಓಡಾಟ. ಮದುವೆಯಾಗಿ ಬಂದ ಹೆಣ್ಣು ತವರಿನ ಪದ ತರುತ್ತಾಳೆ. ಕುರಿ ಮಂದೆಯ ಜೊತೆ ಹೋದವರು ಹೋದ ಸೀಮೆಯ ಪದ ಕಲಿತು ಬರುತ್ತಾರೆ. ಹೀಗಾಗಿ ಸಂಪಿಗೆ ಕಂಡ ಕೂಡಲೇ "ಇದು ಮಲೆನಾಡಿನ ಹಾಡು" ಎಂದು ಬರೆಯಬೇಡಿ. ಅದು ಕರ್ನಾಟಕದ ಎಲ್ಲ ಕಡೆಯ ಎರವಲು ಹೂವು. ಸೀಮೆಯ ಗುರುತು ಹಾಡಿನ ಬೇರೆ ಕಡೆ ಇರುತ್ತದೆ.

ಹಾಗಾದರೆ ಸೀಮೆಯ ಗುರುತು ಎಲ್ಲಿ ಹುಡುಕಬೇಕು?

ಹೂವಿನ ಹೆಸರು ಬಿಟ್ಟು, ಆ ಹೂವಿನ ಸುತ್ತ ನಡೆಯುವ ಕೆಲಸ ನೋಡಿ. ಮೂರು ಪ್ರಶ್ನೆ ಹಾಕಿಕೊಂಡರೆ ಸಾಕು: ನೀರು ಎಲ್ಲಿಂದ ಬರುತ್ತಿದೆ? ಹೊಲದಲ್ಲಿ ಏನಿದೆ? ಗಂಡು ಎಲ್ಲಿಗೆ ಹೋಗಿದ್ದಾನೆ?

ನಲ್ಲ ಕುರಿ ಹೊಡೆದುಕೊಂಡು ಹೋಗಿದ್ದಾನೆ, ಹೆಗಲ ಮೇಲೆ ಕರಿ ಕಂಬಳಿ ಇದೆ, ಅವಳು ಶೇಂಗಾ ಹೊಲದಲ್ಲಿದ್ದಾಳೆ ಅಂದರೆ ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆಗೆ ತಿರುಗಿ. ಚಳ್ಳಕೆರೆ ಕಂಬಳಿಗೂ ಹೆಸರಾದ ಊರು, ಶೇಂಗಾ ಎಣ್ಣೆಗೂ. ಅವಳು ಭತ್ತದ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದು ನಾಲೆ ನೀರು ಹರಿಯುತ್ತಿದ್ದರೆ ಹರಿಹರ, ದಾವಣಗೆರೆ, ಚನ್ನಗಿರಿ ಕಡೆ. ಅಡಿಕೆ ಸುಲಿಯುವ ಮಾತು ಬಂದರೆ ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಸುತ್ತ. ಹತ್ತಿ ಬಿಡಿಸುವುದು, ಜೋಳದ ತೆನೆ, ಎರೆ ನೆಲದ ಬಿರುಕು ಬಂದರೆ ಜಗಳೂರು, ದಾವಣಗೆರೆಯ ಬಯಲು. ನಲ್ಲ ಮಿಲ್ಲಿನ ಕೂಗು ಕೇಳಿ ಪಾಳಿಗೆ ಹೋದ ಅಂತಿದ್ದರೆ ಅದು 20ನೇ ಶತಮಾನದ ಹತ್ತಿ ಗಿರಣಿಗಳ ದಾವಣಗೆರೆ, ಬೇರೆ ಊರು ಹುಡುಕಬೇಕಾಗಿಲ್ಲ. ತರುತ್ತೇನೆಂದು ಮಾತು ಕೊಟ್ಟದ್ದು ಮೊಳಕಾಲ್ಮುರು ಸೀರೆಯಾದರೆ ಮಾತ್ರ ಹುಷಾರು. ಆ ರೇಷ್ಮೆ ಸೀರೆ ದೂರದ ಸಂತೆಗೂ ಹೋಗುವ ಮಾಲು, ಹಾಡಿನ ಊರನ್ನು ಅದು ಹೇಳುವುದಿಲ್ಲ.

ಇಲ್ಲಿನ ಕುರುಚಲು ಕಾಡಿನ ಗಿಡಗಳು ಹಾಡಿನಲ್ಲಿ ಏನು ಹೇಳುತ್ತವೆ?

ಜೋಗಿಮಟ್ಟಿಯಿಂದ ಜಗಳೂರಿನ ರಂಗಯ್ಯನದುರ್ಗದ ತನಕ ಗುಡ್ಡಗಳ ಮೇಲೆ ಇರುವುದು ಮುಳ್ಳು, ಕಲ್ಲು, ಎಲೆ ಉದುರಿಸುವ ಮರ. ಹೊರಗಿನವರಿಗೆ ಅದು ಬರಡು. ಹಾಡುವವರಿಗೆ ಪ್ರತಿ ಗಿಡಕ್ಕೂ ಒಂದು ಸ್ವಭಾವ ಇದೆ.

ಜಾಲಿ: ಮುಳ್ಳಿನ ನಡುವೆ ಹಳದಿ ಗುಂಡು ಹೂವು. ಕಾವಲು, ಭಯ, ಕದ್ದು ನೋಡುವುದು ಇದರ ಸುತ್ತ ಕಟ್ಟಿಕೊಳ್ಳುತ್ತವೆ. ಇಲ್ಲಿ ಹೇಳುತ್ತಿರುವುದು ಕರಿಜಾಲಿ. ಬಳ್ಳಾರಿ ಜಾಲಿ ಹೊರಗಿನಿಂದ ತಂದು ಹಬ್ಬಿಸಿದ ಬೇರೆ ಜಾತಿ, ಅದರ ಹೂವು ಕಡ್ಡಿಯಂತೆ ಉದ್ದ. ಹಾಡಿನಲ್ಲಿ "ಗುಂಡು ಹೂವು" ಇದ್ದರೆ ಚಿತ್ರ ಹಾಕುವವರು ಬಳ್ಳಾರಿ ಜಾಲಿಯ ಫೋಟೋ ಹಾಕಬೇಡಿ. ಇದು ಪುಸ್ತಿಕೆಗಳಲ್ಲಿ ಆಗುವ ಮಾಮೂಲಿ ತಪ್ಪು.

ತಂಗಡಿ: ಬರದಲ್ಲೂ ಹಳದಿ ಹೂ ಬಿಡುವ ಗಿಡ, ದನ ಮುಟ್ಟುವುದಿಲ್ಲ. ಯಾರೂ ನೀರೆರೆಯದಿದ್ದರೂ ನಿಂತಿರುವ ಹೆಣ್ಣಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಈ ನೆಲದಲ್ಲಿ ಇಲ್ಲ. ಮೂರು ಅಂಶದ ಹೆಸರು ಬೇರೆ, ಮಲ್ಲಿಗೆಯ ಜಾಗದಲ್ಲಿ ನೇರವಾಗಿ ಕೂರುತ್ತದೆ. ಹೊಸದಾಗಿ ಪದ ಕಟ್ಟುವವರು ಇದನ್ನು ಯಾಕೆ ಬಿಡುತ್ತಾರೋ ತಿಳಿಯದು.

ಮುತ್ತುಗ: ಬೇಸಿಗೆ ಮುಖದಲ್ಲಿ ಎಲೆ ಉದುರಿಸಿ ಮೈತುಂಬ ಕೆಂಪು ಹೂ ಹೊತ್ತು ನಿಲ್ಲುತ್ತದೆ. ಕಾಡಿಗೆ ಬೆಂಕಿ ಬಿದ್ದಂತೆ ಕಾಣುವುದರಿಂದ ವಿರಹಕ್ಕೆ ಒದಗುತ್ತದೆ. ಹೊಂಗೆ: ಯುಗಾದಿ ಸುತ್ತ ಚಿಗುರಿ ತಂಪು ನೆರಳು ಕೊಡುತ್ತದೆ, ಹೂ ಉದುರಿ ನೆಲಕ್ಕೆ ಹಾಸಿಗೆ ಹಾಸಿದಂತಾಗುತ್ತದೆ. ಭೇಟಿಯ ಮರ ಇದು. ಬೇವು ದೇವರ ಮರವೂ ಹೌದು, ಹಾಗಾಗಿ ಅದರ ಕೆಳಗೆ ಆಡಿದ ಮಾತು ಆಣೆಯಾಗುತ್ತದೆ. ಬನ್ನಿ ವಿಜಯದಶಮಿಯದು, ಮುನಿಸು ಮುರಿದು ರಾಜಿಯಾಗುವ ಸಾಲುಗಳಿಗೆ. ಕಾರೆ, ಬಾರೆ ಹಣ್ಣು ಹುಡುಗಾಟದ ವಯಸ್ಸಿನವು. ಇಬ್ಬರೂ ಹಣ್ಣು ಕಿತ್ತರು ಅಂದರೆ ಮದುವೆಗೆ ಮುಂಚಿನ ಮಾತು.

ಇದನ್ನು ನಿಘಂಟಿನ ಹಾಗೆ ಬಳಸಬೇಡಿ. ಬೇವು ಬಂದಲ್ಲೆಲ್ಲ ಆಣೆ ಇರುವುದಿಲ್ಲ. ಕೆಲವು ಸಲ ಬೇವು ಬರೀ ಬೇವೇ.

ಮಳೆಯ ಹೆಸರುಗಳನ್ನು ಹೇಗೆ ಓದಬೇಕು?

ಇದಕ್ಕೆ ಸ್ವಲ್ಪ ಸಮಯ ಕೊಡಿ, ಯಾಕೆಂದರೆ ಬಯಲುಸೀಮೆಯ ಪ್ರೀತಿಯ ಹಾಡಿನಲ್ಲಿ ಗಡಿಯಾರ ಅಂದರೆ ಮಳೆ ನಕ್ಷತ್ರ. ಒಂದೊಂದು ಸುಮಾರು 13–14 ದಿನ. ರೋಹಿಣಿ ಮೇ ಕೊನೆಯ ವಾರ ಹುಟ್ಟುತ್ತದೆ, ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರ ಜೂನ್ 22ರ ಹೊತ್ತಿಗೆ. ಮಗೆ ಆಗಸ್ಟ್ ನಡುವಿನಿಂದ ಕೊನೆಯ ತನಕ, ಆಮೇಲೆ ಹುಬ್ಬೆ, ಉತ್ತರೆ. ಹಸ್ತ ಸೆಪ್ಟೆಂಬರ್ ಕೊನೆಗೆ, ಚಿತ್ತೆ ಅಕ್ಟೋಬರ್ ನಡುವೆ, ಸ್ವಾತಿ ಅದರಾಚೆ.

ಮಲೆನಾಡಿನ ಹಾಡಿನಲ್ಲಿ ಆರಿದ್ರ, ಪುಷ್ಯದ ಜಡಿಮಳೆ ಹೊಳೆ ತುಂಬಿಸಿ ನಲ್ಲನನ್ನು ಆಚೆ ದಡದಲ್ಲಿ ನಿಲ್ಲಿಸುತ್ತದೆ. ತೊಂದರೆ ಮಳೆ ಹೆಚ್ಚಾದದ್ದರಿಂದ. ಚಳ್ಳಕೆರೆ ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು. ಅಲ್ಲಿ ಜೂನ್ ಜುಲೈ ಗಾಳಿಯಲ್ಲೇ ಹೋಗಿ, ಮಳೆ ಎಂಬುದು ಬಂದರೆ ಉತ್ತರೆ, ಹಸ್ತ, ಚಿತ್ತೆಗೆ. ಅಲ್ಲಿನ ತೊಂದರೆ ಬಾರದ ಮಳೆಯದು. "ಮಗೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅನ್ನುವ ಗಾದೆಯ ಹಿನ್ನೆಲೆ ಇಟ್ಟುಕೊಂಡು ಕೇಳಿದರೆ, ಮಗೆಯಲ್ಲಿ ಬರುತ್ತೇನೆಂದು ಹೇಳಿ ಹೋದವನು ಬರಲಿಲ್ಲ ಅನ್ನುವ ಸಾಲಿನ ಭಾರ ತಿಳಿಯುತ್ತದೆ. ಬೆಳೆಯೂ ಹೋಯಿತು, ಅವನೂ ಬರಲಿಲ್ಲ.

ತಪ್ಪಾಗುವ ಜಾಗ: ಹೆಂಗಸರು ಹೇಳುವ "ಅಸ್ತ", "ಅಸಲೆ" ಮಳೆಯ ಹೆಸರುಗಳು, ಹಸ್ತ ಮತ್ತು ಆಶ್ಲೇಷ. ಬರೆದುಕೊಳ್ಳುವವರು "ಅಸ್ತ"ವನ್ನು ಸೂರ್ಯಾಸ್ತ ಮಾಡಿಬಿಟ್ಟರೆ ಅಕ್ಟೋಬರ್ ತಿಂಗಳ ಹಾಡು ಸಂಜೆಯ ಹಾಡಾಗುತ್ತದೆ.

ಹಕ್ಕಿಗಳು?

ಗಿಳಿ, ಕೋಗಿಲೆ, ನವಿಲು ಎಲ್ಲ ಕಡೆಯವು, ಸಂಪಿಗೆಯ ಹಾಗೆ. ಬೆಳವ, ಕೌಜುಗ, ಗೊರವಂಕ ಬಂದರೆ ಕಿವಿ ನಿಮಿರಲಿ, ಅವು ಹೊಲ ಮತ್ತು ಕುರುಚಲಿನವು. ಗೀಜಗನ ಗೂಡು ಬಾವಿಯ ಮೇಲೆ ಬಾಗಿದ ಜಾಲಿ ಕೊಂಬೆಗೆ ತೂಗುತ್ತದೆ. ಗಂಡು ನೇಯುತ್ತದೆ, ಹೆಣ್ಣು ಬಂದು ನೋಡಿ ಒಪ್ಪಬೇಕು, ಒಪ್ಪದಿದ್ದರೆ ಗೂಡು ಅರ್ಧಕ್ಕೇ ನಿಲ್ಲುತ್ತದೆ. ಹೆಣ್ಣಿನ ಕಡೆಯವರು ಸೋಬಾನೆಯಲ್ಲಿ ಗಂಡಿನ ಮನೆಯನ್ನು ಅಣಕಿಸಲು ಇಷ್ಟು ಸಾಕು.

ಕೆರೆ, ಬಾವಿ, ಹಳ್ಳ, ಹೊಳೆ: ಇವುಗಳಲ್ಲಿ ವ್ಯತ್ಯಾಸ ಇದೆಯೇ?

ಬಹಳ ಇದೆ. ಹೊಳೆ ಅಂದರೆ ತುಂಗಭದ್ರೆ, ಹರಿಹರ ಹೊನ್ನಾಳಿ ಕಡೆಯ ಮಾತು. ಬೇಸಿಗೆಯಲ್ಲೂ ಹರಿವಿನ ನೆನಪು ಇರುವ ನೀರು. ಹಳ್ಳ ಅಂದರೆ ವರ್ಷದಲ್ಲಿ ಕೆಲವು ದಿನ ಹರಿದು ಉಳಿದ ದಿನ ಮರಳು. ಹಳ್ಳದಲ್ಲಿ ಮರಳು ಬಗೆದು ಒರತೆಯ ನೀರು ತುಂಬಿಕೊಳ್ಳುವುದಕ್ಕೆ ಹೊತ್ತು ಹಿಡಿಯುತ್ತದೆ. ಹುಡುಗ ಹುಡುಗಿ ಮಾತಾಡಲು ಆ ಹೊತ್ತೇ ಸಾಕು. ಬಾವಿಯಲ್ಲಿ ಹಗ್ಗ, ಕೊಡ, ಜೊತೆಯ ಹೆಂಗಸರು ಇರುತ್ತಾರೆ, ಆದ್ದರಿಂದ ಬಾವಿಯ ಹಾಡಿನಲ್ಲಿ ಕಣ್ಣ ಸನ್ನೆ ಹೆಚ್ಚು, ಮಾತು ಕಡಿಮೆ.

ಕೆರೆಯ ಮಾತು ಕೋಡಿಯಲ್ಲಿದೆ. ಕೆರೆ ತುಂಬಿ ಕೋಡಿ ಬೀಳುವುದು ತುಂಬಿದ ಮನಸ್ಸಿಗೆ ಸಿದ್ಧ ಹೋಲಿಕೆ. ಆದರೆ ಯಾವ ಕೆರೆ ಎಂಬುದು ಅರ್ಥ ಬದಲಿಸುತ್ತದೆ. ವೇದಾವತಿಗೆ ಕಟ್ಟಿದ ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1907ರಲ್ಲಿ ಮುಗಿದದ್ದು. ಅದು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೇ ಸಲ 2022ರಲ್ಲಿ. ನಡುವೆ 89 ವರ್ಷ. ಯಾರಾದರೂ "ಕಣಿವೆ ಕೋಡಿ ಬಿದ್ದಾಗ ಬರ್ತೀನಿ" ಎಂದು ಹಾಡು ಕಟ್ಟಿದರೆ ಹಿರಿಯೂರಿನವರು ಅದನ್ನು "ಬರೋದೇ ಇಲ್ಲ" ಎಂದೇ ಕೇಳಿಸಿಕೊಳ್ಳುತ್ತಿದ್ದರು. ಊರ ಮುಂದಿನ ಸಣ್ಣ ಕೆರೆ ಕೋಡಿ ಬಿದ್ದಾಗ ಅಂದರೆ ಈ ವರ್ಷವೇ ಇರಬಹುದು. ಚನ್ನಗಿರಿಯ ಸೂಳೆಕೆರೆ, ಈಗಿನ ಶಾಂತಿಸಾಗರ, ಅದನ್ನು ಕಟ್ಟಿಸಿದಳೆನ್ನುವ ಶಾಂತವ್ವನ ಕಥೆಯನ್ನೂ ಹೊತ್ತು ಬರುತ್ತದೆ. ಅದು ಬರೀ ನೀರಿನ ರೂಪಕವಾಗಿ ಉಳಿಯುವುದು ಕಷ್ಟ.

ನಾಲೆ ಹೊಸದು. ಭದ್ರಾ ನಾಲೆ 1960ರ ದಶಕದಲ್ಲಿ ಬಂದ ಮೇಲೆ ದಾವಣಗೆರೆ ಕಡೆ ಭತ್ತ ಬಂತು, ನಾಟಿ ಪದಗಳೂ ಬಂದವು.

ಹಾಡಿನಲ್ಲಿ "ದುರ್ಗ" ಎಂದರೆ ಚಿತ್ರದುರ್ಗವೇ?

ಹೆಚ್ಚಾಗಿ ಹೌದು, ಯಾವಾಗಲೂ ಅಲ್ಲ. ಉಚ್ಚಂಗಿದುರ್ಗ, ರಂಗಯ್ಯನದುರ್ಗ, ಹೊಸದುರ್ಗ ಇವೆಲ್ಲ ಸುತ್ತಮುತ್ತಲೇ ಇವೆ. "ಏಳು ಸುತ್ತಿನ" ಎಂಬ ವಿಶೇಷಣ ಇದ್ದರೆ ಚಿತ್ರದುರ್ಗ. ಎಲ್ಲಮ್ಮ, ಉಚ್ಚಂಗಮ್ಮನ ಹೆಸರು ಮಾತ್ರ ಇದ್ದರೆ ತೀರ್ಮಾನಕ್ಕೆ ಬರಬೇಡಿ, ಆ ದೇವತೆಗಳು ಎರಡು ಮೂರು ಕಡೆ ನೆಲೆ ನಿಂತವರು. ಪ್ರೀತಿಯ ಪದದಲ್ಲಿ ಕೋಟೆ ಬಂದರೆ ಅದು ಮದಕರಿನಾಯಕನ ಇತಿಹಾಸಕ್ಕಿಂತ ದಾಟಲಾಗದ ಗೋಡೆಯಾಗಿ ಬರುವುದು ಸಹಜ. ಓಬವ್ವನ ಕಿಂಡಿಯನ್ನು ನೆನಪಿಸಿ ಕದ್ದು ನುಸುಳುವ ತುಂಟ ಮಾತೂ ಹುಟ್ಟಬಹುದು.

ಜಿಲ್ಲೆಯ ಗಡಿಗೂ ಹಾಡಿನ ಗಡಿಗೂ ಸಂಬಂಧ ಇದೆಯೇ?

ಇಲ್ಲ. ದಾವಣಗೆರೆ ಜಿಲ್ಲೆ ಆದದ್ದೇ 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಚನ್ನಗಿರಿ ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆದ್ದರಿಂದ "ದಾವಣಗೆರೆ ಜಿಲ್ಲೆಯ ಹಾಡು" ಎಂದು ಶೀರ್ಷಿಕೆ ಕೊಡುವ ಬದಲು ಊರು, ಹೋಬಳಿ, ಹಾಡಿದವರ ತವರೂರು ಮೂರನ್ನೂ ಬರೆಯಿರಿ. ತವರೂರು ಬಿಟ್ಟರೆ ಮುಂದೆ ಯಾರಿಗೂ ಏನೂ ಬಗೆಹರಿಯುವುದಿಲ್ಲ.

ಭಾಷೆಯ ಗೆರೆ ಇನ್ನೂ ಸ್ಪಷ್ಟ. ದಾವಣಗೆರೆ, ಹರಿಹರ ಕಡೆ "ಐತಿ", ದುರ್ಗ, ಹಿರಿಯೂರು ಕಡೆ "ಐತೆ". ಉತ್ತರದ "ಹೊಲದಾಗ" ನಮ್ಮಲ್ಲಿ "ಹೊಲ್ದಾಗೆ", "ಊರಾಗೆ" ಆಗುತ್ತದೆ. ಶಾಲಾ ಪುಸ್ತಕಗಳ ಮೂಲಕ ನಾಡಿಗೆಲ್ಲ ಪರಿಚಯವಾದ ತ್ರಿಪದಿಗಳಲ್ಲಿ ಬಹಳಷ್ಟು ವಿಜಯಪುರದ ಕಡೆಯ ಹಲಸಂಗಿ ಗೆಳೆಯರು ಎಂಬ ಸಾಹಿತಿಗಳ ಬಳಗ ಸಂಗ್ರಹಿಸಿದವು. ಅವುಗಳ ಮಾತನ್ನೇ "ಜನಪದ ಭಾಷೆ" ಎಂದು ತಿಳಿದು ಚಳ್ಳಕೆರೆಯ ಪದವನ್ನು "ಹೊಲದಾಗ" ಎಂದು ತಿದ್ದುವವರಿದ್ದಾರೆ. ಅದನ್ನು ಮಾಡಲೇಬೇಡಿ.

ತ್ರಿಪದಿಯ ಲೆಕ್ಕ ಸುಲಭವಾಗಿ ಹೇಳಿ.

ಮೂರು ಸಾಲು, ಒಟ್ಟು 11 ಗಣ: 4, 4, 3. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಅಂದರೆ ಎರಡು ಅಂಶ. ಉಳಿದವು ವಿಷ್ಣುಗಣ, ಮೂರು ಅಂಶ. ಗಣದ ಮೊದಲಿಗೆ ಎರಡು ಲಘು ಜೊತೆಯಾಗಿ ಬಂದರೆ ಅದು ಒಂದೇ ಅಂಶ, ಮುಂದಿನ ಜಾಗಗಳಲ್ಲಿ ಒಂದೊಂದು ಅಕ್ಷರವೂ ಒಂದೊಂದು ಅಂಶ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ. ಕಟ್ಟಿದ ಉದಾಹರಣೆ:

ಹಳ್ಳಾದ ದಂಡ್ಯಾಗೆ ಜಾಲಿ ಹೂ ಬಿಟ್ಟಾವು
ಮುಳ್ಳೀಗೆ ಅಂಜಿ ನಿಂತಾನೆ | ನನ ನಲ್ಲ
ಕಳ್ಳಾನೆ ದಾರಿ ಕಾಯ್ತಾನೆ

ಎಣಿಸಿ: ಹಳ್ಳಾದ, ದಂಡ್ಯಾಗೆ, ಜಾಲಿ ಹೂ, ಬಿಟ್ಟಾವು, ನಾಲ್ಕಾಯಿತು. ಮುಳ್ಳೀಗೆ ಐದು, "ಅಂಜಿ" ಆರನೆಯದು, ಎರಡೇ ಅಂಶ. ನಿಂತಾನೆ, ನನ ನಲ್ಲ. ಕಳ್ಳಾನೆ ಒಂಬತ್ತು, "ದಾರಿ" ಹತ್ತನೆಯದು, ಮತ್ತೆ ಎರಡೇ ಅಂಶ. ಕಾಯ್ತಾನೆ ಹನ್ನೊಂದು. ಹಾಡುವಾಗ "ನನ ನಲ್ಲ" ಮೂರನೇ ಸಾಲಿಗೆ ಅಂಟಿಕೊಳ್ಳುತ್ತದೆ, ಅಚ್ಚಿನಲ್ಲಿ ಅಡ್ಡಗೆರೆ ಹಾಕುವುದು ಅದಕ್ಕೇ. "ಹಳ್ಳದ" ಎಂದಿದ್ದರೂ ಲೆಕ್ಕ ಕೂರುತ್ತದೆ, ಆದರೆ ರಾಗ ಎಳೆಯಲು "ಹಳ್ಳಾದ" ಬೇಕು.

ಪ್ರಾಸದಿಂದ ಇನ್ನೊಂದು ಉಪಯೋಗ ಇದೆ. ಸಾಲಿನ ಮೊದಲ ಮಾತು ಪ್ರಾಸಕ್ಕೆ ಕಟ್ಟುಬಿದ್ದಿರುವುದರಿಂದ ಅದನ್ನು ಬದಲಿಸುವುದು ಕಷ್ಟ. ಮಧ್ಯದ "ಜಾಲಿ ಹೂ" ಜಾಗಕ್ಕೆ ಇನ್ನೊಂದು ಊರಿನಲ್ಲಿ "ಮಲ್ಲಿಗೆ" ಬಂದು ಕೂರಬಹುದು, ಆದರೆ "ಮುಳ್ಳು" ಹೋದರೆ ಪ್ರಾಸ ಬೀಳುತ್ತದೆ. ಹಾಗಾಗಿ ಹಾಡಿನ ಮೂಲ ಸೀಮೆ ಹುಡುಕುವಾಗ ಸಾಲಿನ ತಲೆಯ ಮಾತನ್ನು ಹೆಚ್ಚು ನಂಬಿ. ಇಲ್ಲಿ ಮಲ್ಲಿಗೆ ಬಂದರೂ ಮುಳ್ಳು ಉಳಿದಿರುತ್ತದೆ. ಮಲ್ಲಿಗೆಗೆ ಮುಳ್ಳೆಲ್ಲಿ?

ಬೆಳೆಯ ಹೆಸರಿನಿಂದ ಹಾಡಿನ ವಯಸ್ಸು ಹೇಳಬಹುದೇ?

ಸಾಲಿನ ವಯಸ್ಸು ಹೇಳಬಹುದು, ಹಾಡಿನದ್ದಲ್ಲ. ಮೆಣಸಿನಕಾಯಿ, ಶೇಂಗಾ, ಸೀತಾಫಲ, ಕತ್ತಾಳೆ, ಮೆಕ್ಕೆಜೋಳ ಎಲ್ಲವೂ ಅಮೆರಿಕ ಖಂಡದಿಂದ ಬಂದವು. 16ನೇ ಶತಮಾನಕ್ಕೆ ಮುಂಚೆ ಇಲ್ಲಿ ಇರಲಿಲ್ಲ. ನವಣೆ, ಸಾಮೆ, ಹುರುಳಿ, ಜೋಳ, ರಾಗಿ ಹಳೆಯವು. ಆದರೆ ಹಾಡುವವರು ತಮ್ಮ ಹೊಲದಲ್ಲಿ ಇರುವುದನ್ನೇ ಹಾಡಿಗೂ ತರುತ್ತಾರೆ. ನವಣೆ ಇದ್ದ ಜಾಗದಲ್ಲಿ ಮೊಮ್ಮಗಳು ಶೇಂಗಾ ಬಿತ್ತಿರಬಹುದು. ಎರಡೂ ಪಾಠ ಬರೆದಿಟ್ಟುಕೊಳ್ಳಿ.

ಜೋಕುಮಾರನ ಪದಗಳು ಪ್ರೀತಿಯ ಹಾಡುಗಳೇ, ಪೂಜೆಯ ಹಾಡುಗಳೇ?

ಎರಡೂ. ಭಾದ್ರಪದ ಶುದ್ಧ ಅಷ್ಟಮಿಯಿಂದ ಹುಣ್ಣಿಮೆ ತನಕ ಏಳು ದಿನದ ಬಾಳು ಅವನದು. ಬುಟ್ಟಿಯಲ್ಲಿ ಮಣ್ಣಿನ ಮೂರ್ತಿ, ಸುತ್ತ ಬೇವಿನ ಸೊಪ್ಪು, ಮನೆಮನೆಗೆ ಹೊತ್ತು ತಂದು ಪದ ಹೇಳುವ ಹೆಂಗಸರು. ಅವನು ಅಗಸರ ಹುಡುಗಿಗೆ ಕಣ್ಣು ಹಾಕಿ ಸತ್ತ, ಸತ್ತ ಮೇಲೆ ಮಳೆ ತಂದ ಅನ್ನುವುದು ಕಥೆ. ಶೃಂಗಾರ ಇಲ್ಲಿ ಬಿಚ್ಚುಮಾತಿನಲ್ಲೇ ಇರುತ್ತದೆ. ನೆಲದ ಫಲವಂತಿಕೆಗೆ ಸಂಬಂಧಿಸಿದ ಹಾಡಾದ್ದರಿಂದ ಯಾರೂ ಹುಬ್ಬು ಹಾರಿಸುವುದಿಲ್ಲ. ಅದೇ ಪದವನ್ನು ಶಾಲೆಯ ವೇದಿಕೆಗೆ ತಂದರೆ ಹಾರಿಸುತ್ತಾರೆ. ಮಕ್ಕಳಿಗೆ ಕಲಿಸುವ ಮುಂಚೆ ಪೂರ್ತಿ ಪಠ್ಯ ಓದಿ.

ಗೊಲ್ಲರ ಹಟ್ಟಿ, ಮ್ಯಾಸಬೇಡರ ಹಟ್ಟಿಗಳ ಹಾಡಿನಲ್ಲಿ ಏನು ಬೇರೆ?

ದನ, ಕುರಿ, ಬೇಲಿ. ಕಾಡುಗೊಲ್ಲರ ಹಟ್ಟಿಗೆ ಕಾರೆ ಮುಳ್ಳಿನ ಬೇಲಿ ಇರುತ್ತದೆ. ಬೇಲಿಯ ಒಳಗೆ, ಹೊರಗೆ ಅನ್ನುವುದೇ ಅರ್ಧ ಅರ್ಥ. ಅವರ ವೀರದೈವ ಜುಂಜಪ್ಪನ ಕಥನಕ್ಕೆ ಗಣೆ ಎಂಬ ಉದ್ದನೆಯ ಬಿದಿರ ಕೊಳಲು ಊದುತ್ತಾರೆ. ಗಣೆ ವೀರನ ಕಥೆಯ ವಾದ್ಯ, ಸರಸದ ಪದಕ್ಕೆ ಹಿನ್ನೆಲೆಯಾಗಿ ಸೇರಿಸುವುದು ಒಳ್ಳೆಯದಲ್ಲ. ಮ್ಯಾಸಬೇಡರಲ್ಲಿ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿ ಬರುತ್ತಾರೆ. ಅವರ ಸಂಪ್ರದಾಯದಲ್ಲಿ ಕೋಳಿ ನಿಷಿದ್ಧ. ಆದ್ದರಿಂದ ಆ ಹಟ್ಟಿಯ ಹಾಡು ಎಂದು ಕೊಟ್ಟ ಪಠ್ಯದಲ್ಲಿ "ಕೋಳಿ ಕೂಗೋ ಮುಂಚೆ ಬಾ" ಎಂದಿದ್ದರೆ ಆ ಸಾಲು ಎಲ್ಲಿಂದ ಬಂತೆಂದು ಇನ್ನೊಮ್ಮೆ ಕೇಳಿ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು. ಅವರ ಪದಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದ್ದಾರೆ. ಈ ಸೀಮೆಯ ಮಾತು ಅಚ್ಚಿನಲ್ಲಿ ಹೇಗೆ ಕಾಣಬೇಕು ಎಂಬುದಕ್ಕೆ ಅಲ್ಲಿಂದ ಶುರು ಮಾಡಬಹುದು.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದೇ? ಏನು ಕೆಡುತ್ತದೆ?

ಮಾಡಬಹುದು. ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಸಾಲಿನಲ್ಲೇ ಕರೆ ಬರುತ್ತದೆ. ಫ್ಯಾನು, ಟಿವಿ ಆರಿಸಲು ಹೇಳಿ. ಬಾಯಿಂದ ಒಂದು ಮೊಳ ದೂರ, ಸ್ವಲ್ಪ ಪಕ್ಕಕ್ಕೆ ಇಡಿ, ನೇರ ಮುಂದೆ ಇಟ್ಟರೆ ಉಸಿರು ಬಡಿಯುತ್ತದೆ. ಆ್ಯಪ್‌ನಲ್ಲಿ ವೇವ್ (WAV) ಫೈಲ್ ಆಯ್ಕೆ ಇದ್ದರೆ ಅದನ್ನೇ ಆರಿಸಿ. ವಾಟ್ಸ್‌ಆ್ಯಪ್ ಧ್ವನಿ ಸಂದೇಶದಲ್ಲಿ ಬರೀ ಮಾತು ಉಳಿಯುತ್ತದೆ, ರಾಗದ ನಯ ಹೋಗುತ್ತದೆ.

ಬೀಸೋ ಪದಕ್ಕೆ ಬೀಸುವ ಕಲ್ಲು ಇದ್ದರೇ ಸರಿ. ಕಲ್ಲಿಲ್ಲದೆ ಹೇಳಿದರೆ ವೇಗ ಏರಿ, ಎಳೆಯುವ ಜಾಗ ಮೊಟಕಾಗುತ್ತದೆ. ಖಾಲಿ ಕಲ್ಲು ತಿರುಗಿಸಬೇಡಿ, ಕಿರಗುಟ್ಟುತ್ತದೆ, ಕಲ್ಲೂ ಹಾಳು. ಒಂದು ಸೇರು ರಾಗಿ ತೆಗೆದುಕೊಂಡು ಹೋಗಿ. ಫೋನನ್ನು ನೆಲದ ಮೇಲೆ ಇಟ್ಟರೆ ಕಲ್ಲಿನ ನಡುಕವೆಲ್ಲ ಅದರೊಳಗೆ ಬರುತ್ತದೆ. ಕುರ್ಚಿಯ ಮೇಲೆ ಮಡಚಿದ ಟವೆಲ್ ಹಾಕಿ ಇಡಿ.

ಶುರುವಿನಲ್ಲಿ ದಿನಾಂಕ, ಊರು, ತವರೂರು, ಯಾರಿಂದ ಕಲಿತದ್ದು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ. ಎಲ್ಲಿ ಬಳಸುತ್ತೀರಿ ಎಂದು ಹೇಳಿ ಒಪ್ಪಿಗೆ ಕೇಳಿ. ಸರಸದ ಪದಗಳಿಗೆ ಇದು ದುಪ್ಪಟ್ಟು ಮುಖ್ಯ, ಅತ್ತೆ ಮಾವ, ಗಂಡುಮಕ್ಕಳು ಎದುರಿದ್ದರೆ ಹೇಳುವುದಿಲ್ಲ. ಹೇಳಿದರೂ ಸಾಲು ನುಂಗುತ್ತಾರೆ. ಕೇಳುವವರು ಹೆಂಗಸರಾದರೆ ಕೆಲಸ ಅರ್ಧ ಸಲೀಸು. ಅದೇ ಪದವನ್ನು ಇನ್ನೊಂದು ದಿನ ಮತ್ತೆ ಹೇಳಿಸಿ. ಬದಲಾಗುವ ಸಾಲು ಯಾವುದು, ಬದಲಾಗದ್ದು ಯಾವುದು ಎಂದು ಆಗ ಗೊತ್ತಾಗುತ್ತದೆ.

ಬರೆದುಕೊಳ್ಳುವಾಗ ಉಚ್ಚಾರ ತಿದ್ದಬಹುದೇ?

ಬೇಡ. "ಅಳ್ಳ" ಎಂದು ಕೇಳಿದರೆ "ಅಳ್ಳ" ಎಂದೇ ಬರೆದು ಪಕ್ಕದಲ್ಲಿ ಹಳ್ಳ ಎಂದು ಅರ್ಥ ಕೊಡಿ. "ಆಲು" ಹಾಲು. "ಐತೆ"ಯನ್ನು "ಇದೆ" ಮಾಡಿದರೆ ಸೀಮೆಯೂ ಹೋಯಿತು, ಲಯವೂ ಹೋಯಿತು. ಅರ್ಥವಾಗದ ಮಾತು ಬಂದರೆ ಊಹಿಸಿ ತುಂಬದೆ ಚುಕ್ಕಿ ಇಟ್ಟು, ಮರುದಿನ ಅವರನ್ನೇ ಕೇಳಿ.

ಯೂಟ್ಯೂಬಿನ "ಜಾನಪದ" ಹಾಡುಗಳು?

ಅವು ಗೊತ್ತಿರುವ ಕವಿ, ಗಾಯಕರ ಹೊಸ ಹಾಡುಗಳು, ಬಹುಪಾಲು ಉತ್ತರ ಕರ್ನಾಟಕದ ಮಾತಿನವು. ಕೇಳಿ ಸಂತೋಷಪಡಿ, ಕುಣಿಯಿರಿ. ಸಂಗ್ರಹಕ್ಕೆ ಸೇರಿಸಬೇಡಿ.

ಸ್ಪರ್ಧೆಗೆ ನಾಲ್ಕು ನಿಮಿಷ ಕೊಡುತ್ತಾರೆ. ಎಷ್ಟು ತ್ರಿಪದಿ ಸಾಕು?

ಬೀಸೋ ಪದದ ಗತಿಯಲ್ಲಿ ಒಂದು ತ್ರಿಪದಿಗೆ 25–30 ಸೆಕೆಂಡು ಹಿಡಿಯುತ್ತದೆ. ಎಂಟು ಇಟ್ಟುಕೊಳ್ಳಿ, ಹತ್ತು ತುರುಕಿದರೆ ಓಡಬೇಕಾಗುತ್ತದೆ. ಎಂಟೂ ಒಂದೇ ಮಳೆ, ಒಂದೇ ಹೊಲದ ಸುತ್ತ ಇರಲಿ. ಒಂದರಲ್ಲಿ ಭತ್ತದ ನಾಟಿ, ಮುಂದಿನದರಲ್ಲಿ ಶೇಂಗಾ ಕೀಳುವುದು ಬಂದರೆ ಹಳ್ಳಿಯಿಂದ ಬಂದ ತೀರ್ಪುಗಾರರಿಗೆ ತಕ್ಷಣ ಗೊತ್ತಾಗುತ್ತದೆ. ಹಾರ್ಮೋನಿಯಂ, ಕೀಬೋರ್ಡ್ ಬೇಡ. ಹೆಂಗಸರ ಪದಗಳು ಬಾಯಿ ಮತ್ತು ಕೆಲಸದ ಸದ್ದಿನಿಂದಲೇ ನಡೆಯುವವು. ಒಬ್ಬರು ಎತ್ತಿಕೊಟ್ಟು ಉಳಿದವರು ಹಿಂದೆ ಹಿಡಿಯಲಿ. ಎತ್ತಿಕೊಡುವವರ ಶ್ರುತಿ ಮೇಲಾದರೆ ನಾಲ್ಕನೇ ತ್ರಿಪದಿಗೆ ಹಿಮ್ಮೇಳ ಒಡೆಯುತ್ತದೆ, ಅಭ್ಯಾಸದಲ್ಲೇ ಶ್ರುತಿಯನ್ನು ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು ಇಳಿಸಿಕೊಳ್ಳಿ.

ನಾವೇ ಹೊಸ ಪದ ಕಟ್ಟಬಹುದೇ?

ಕಟ್ಟಿ, ಆದರೆ ಹೊಸದು ಎಂದು ಹೇಳಿ ಹಾಡಿ. ಗುಡ್ಡದ ಮೇಲಿನ ಗಾಳಿ ಫ್ಯಾನು, ಬತ್ತಿದ ಬೋರು, ದಾಳಿಂಬೆ ತೋಟ, ಬೆಂಗಳೂರಿಗೆ ಹೋದ ಹುಡುಗ ಎಲ್ಲವೂ ತ್ರಿಪದಿಗೆ ಒಗ್ಗುತ್ತವೆ. "ದಾಳಿಂಬೆ" ಮೂರು ಅಂಶ, "ಬೋರು" ಎರಡು.